ಊರಿಗಿಂತ ಊರವರೇ ಮುಂದೆ

ಪ್ರಾಚೀನ ಗ್ರೀಕ್ ಇತಿಹಾಸಕಾರ ಹೆರೊಡೊಟಸ್‌ನ ಇತಿಹಾಸವನ್ನು ಗ್ರೀಕ್‌ನಲ್ಲೇ ಓದಲು ಕೂತವನು ಎರಡನೇ ಪದಕ್ಕೇ ಎಡವಿದ್ದೆ. ಮೊದಲ ಪದ 'ಹೇರೊದೊತೂ', ಅಂದರೆ ಹೆರೊಡೊಟಸ್‌ನ. ಸರಿ. ಮುಂದಿನದು 'ಹಲಿಕರ್ನೇಸ್ಸೆಯೊಸ್'. ಅವನ ಮಾತಿನಲ್ಲಿ ಊರು ಹಲಿಕರ್ನೇಸ್ಸೊಸ್, ಈಗಿನ ಟರ್ಕಿಯ ಬೊಡ್ರುಮ್. ಹಾಗಿದ್ದರೆ 'ಹಲಿಕರ್ನೇಸ್ಸೊಸ್‌ನ' ಅನ್ನಲು ಇಲ್ಲೂ ಕೊನೆಗೆ 'ಊ' ಬರಬೇಕಿತ್ತಲ್ವಾ?

ಅರ್ಧ ಗಂಟೆ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು. ಅದು ಊರಿನ ಹೆಸರೇ ಅಲ್ಲ, ಊರವನ ಹೆಸರು: ಹಲಿಕರ್ನೇಸ್ಸೆವುಸ್. ರಾಜ ಅನ್ನುವ 'ಬಸಿಲೆವುಸ್' ಹೆರೊಡೊಟಸ್‌ನ ಬರಹದಲ್ಲಿ 'ರಾಜನ' ಅನ್ನುವಾಗ 'ಬಸಿಲೆಯೊಸ್' ಆಗುವಂತೆಯೇ ಇದೂ.

ಅವತ್ತೇ ಒಂದು ನೋಟ್‌ಬುಕ್ ತೆಗೆದೆ. ಎಡಗಡೆ ಊರು, ಬಲಗಡೆ ಊರವರು. ಎಲ್ಲದಕ್ಕೂ ಸುಮ್ನೆ 'ಇಯೊಸ್' ಸೇರಿಸಿದರಾಯಿತು ಅಂದುಕೊಂಡಿದ್ದೆ. ಕೊರಿಂಥೊಸ್‌ನವನು ಕೊರಿಂಥಿಯೊಸ್, ಸರಿಹೋಯಿತು. ಮಿಲೇತೊಸ್‌ನವನು ಮಾತ್ರ ಮಿಲೇತಿಯೊಸ್ ಅಲ್ಲ, ಮಿಲೇಸಿಯೊಸ್. ತತ್ವಜ್ಞಾನಿ ಥೇಲ್ಸ್‌ನ ಹೆಸರಿನ ಜೊತೆ ಬರುವುದು ಇದೇ. 'ಇ' ಎದುರಾದರೆ 'ತ' ಹೋಗಿ 'ಸ' ಬರುತ್ತದೆ ಅಂತ ಪೆನ್ನಿನಲ್ಲಿ ಬರೆದೆ. ಮಾರನೇ ದಿನ ಬೈಜಾಂಟಿಯಂ (ಈಗಿನ ಇಸ್ತಾಂಬುಲ್) ಊರಿನವನು ಸಿಕ್ಕ: ಬ್ಯುಜಾಂತಿಯೊಸ್. 'ತ' ಹಾಗೇ ಕೂತಿದೆ! ಆಮೇಲೆ ನಿಯಮಗಳನ್ನೆಲ್ಲ ಪೆನ್ಸಿಲ್‌ನಲ್ಲೇ ಬರೆಯುವ ಅಭ್ಯಾಸವಾಯಿತು.

ಅಬ್ದೇರ ಅನ್ನುವ ಊರಿನವನು ಅಬ್ದೇರೀತೇಸ್, ಅಥೇನೈ ಅಂದರೆ ಅಥೆನ್ಸಿನವನು ಅಥೇನಾಯೊಸ್. ಇವು ಬಾಯಿಪಾಠವೇ ಸರಿ. ಹೆಂಗಸರ ರೂಪ ಬೇರೆ. ಸ್ಪಾರ್ಟಾ ಸೀಮೆಯ ಲಾಕೋನ್ ಗಂಡಾದರೆ ಲಾಕಾಯ್ನಾ ಹೆಣ್ಣು, ಮೆಗರಾ ಊರಿನ ಮೆಗರೆವುಸ್‌ಗೆ ಮೆಗರಿಸ್. ಕನ್ನಡಿಗ, ಕನ್ನಡತಿ ಅನ್ನುವವರಿಗೆ ಇದೇನೂ ವಿಚಿತ್ರವಲ್ಲ ಬಿಡಿ.

ನನಗೆ ಜಾಸ್ತಿ ಖುಷಿ ಕೊಟ್ಟದ್ದು ಸಿಸಿಲಿ. ಅಲ್ಲಿನ ಮೂಲನಿವಾಸಿಗಳ ಒಂದು ಜನ ಸಿಕೆಲೊಸ್. ಅಲ್ಲಿಗೆ ಹೋಗಿ ನೆಲೆಸಿದ ಗ್ರೀಕ ಸಿಕೆಲಿಯೋತೇಸ್. ದ್ವೀಪ ಒಂದೇ. ಯಾರು ಮೊದಲಿನವರು, ಯಾರು ಆಮೇಲೆ ಬಂದವರು ಅನ್ನುವುದನ್ನು ಪದದ ಬಾಲವೇ ಹೇಳಿಬಿಡುತ್ತದೆ.

ಅದೇ ಸಿಸಿಲಿಯ ಊರಾದ ಸಿರಕ್ಯೂಸ್‌ನ ಹಳೆಯ ಬೆಳ್ಳಿ ನಾಣ್ಯದ ಫೋಟೋ ನೋಡಿದಾಗಲೂ ಮೋಸಹೋದೆ. ಹೆಣ್ಣಿನ ಮುಖದ ಸುತ್ತ 'ಸುರಕೊಸಿಯೋನ್' ಅಂತಿತ್ತು. ಊರಿನ ಹೆಸರು ಅಂದುಕೊಂಡೆ. ಅಲ್ಲ, 'ಸಿರಕ್ಯೂಸ್‌ನವರ' ಅಂತ. ನಾಣ್ಯ ಊರಿನದಲ್ಲ, ಊರವರದು! ಇನ್ನೊಬ್ಬ ಗ್ರೀಕ್ ಇತಿಹಾಸಕಾರ ಥುಸಿಡಿಡೀಸ್‌ನಲ್ಲೂ ಯುದ್ಧ ಮಾಡುವುದು ಅಥೆನ್ಸ್ ಅಲ್ಲ, ಅಥೆನ್ಸಿನವರು.

ಅದಕ್ಕೇ ಎರಡನೇ ನೋಟ್‌ಬುಕ್‌ನಲ್ಲಿ ಜಾಗ ಬದಲಾಯಿಸಿದೆ. ಎಡಗಡೆ ಊರವರು, ಬಲಗಡೆ ಊರು.