ಹೊಸ ಮಿನಿ ಕೂಪರ್‌ಗೆ 1964ರ ರ‍್ಯಾಲಿ ರೂಪ: ಬಳ್ಳಾರಿಯಲ್ಲೇ ಕಟ್ಟುವ ಬಗೆ

1964ರ ಮಾಂಟೆ ಕಾರ್ಲೊ ರ‍್ಯಾಲಿಯನ್ನು ಪ್ಯಾಡಿ ಹಾಪ್‌ಕಿರ್ಕ್ ಮತ್ತು ಹೆನ್ರಿ ಲಿಡನ್ ಗೆದ್ದದ್ದು 1071 ಸಿಸಿಯ, ಹತ್ತಿಂಚಿನ ಚಕ್ರದ ಪುಟ್ಟ ಮಿನಿ ಕೂಪರ್ ಎಸ್‌ನಲ್ಲಿ. ಎರಡನೆಯದಾಗಿ ಬಂದದ್ದು ವಿ8 ಎಂಜಿನ್ನಿನ ಫೋರ್ಡ್ ಫಾಲ್ಕನ್. ಕೆಂಪು ಮೈ, ಬಿಳಿ ಚಾವಣಿ, ನಂಬರ್ 37, ಮೂತಿಯ ಮುಂದೆ ಹೆಚ್ಚುವರಿ ದೀಪಗಳು. ಆ ಚಿತ್ರ ಅರವತ್ತು ವರ್ಷ ಕಳೆದರೂ ಕಾರುಪ್ರಿಯರ ಕಣ್ಣಿಂದ ಹೋಗಿಲ್ಲ. ಅದೇ ರೂಪವನ್ನು ಈಗಿನ ಮೂರು ಬಾಗಿಲಿನ, 2 ಲೀಟರ್ ಟರ್ಬೊ ಕೂಪರ್ ಎಸ್‌ಗೆ ಕೊಡುವ ಕೆಲಸ ಬಳ್ಳಾರಿಯಲ್ಲೇ ಆಗುತ್ತದೆ. ಲಾರಿ ಬಾಡಿ ಕಟ್ಟುವವರಿದ್ದಾರೆ, ಜೀನ್ಸ್ ಹೊಲಿಯುವವರಿದ್ದಾರೆ, ಸ್ಟಿಕರ್ ಕತ್ತರಿಸುವ ಅಂಗಡಿಗಳಿವೆ.

ಒಂದು ಕಟ್ಟಳೆಯನ್ನು ಮೊದಲೇ ಹಾಕಿಕೊಳ್ಳಿ: ಕಾರಿನ ಲೋಹಕ್ಕೆ ಹೊಸ ತೂತು ಕೊರೆಯಬಾರದು, ವೆಲ್ಡಿಂಗ್ ಮುಟ್ಟಿಸಬಾರದು. ಹಾಕಿದ್ದೆಲ್ಲ ಸ್ಪ್ಯಾನರ್ ಹಿಡಿದು ಅರ್ಧ ದಿನದಲ್ಲಿ ಬಿಚ್ಚಿ ಬರಬೇಕು.

ಮೊದಲು ಆರ್‌ಸಿ, ಆಮೇಲೆ ಸ್ಪ್ಯಾನರ್

ತಯಾರಕರು ಕೊಟ್ಟ ಮೂಲ ವಿವರಕ್ಕೂ ಆರ್‌ಸಿಗೂ ತಾಳೆಯಾಗದಂತೆ ವಾಹನ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ. 182ಎ(4) ಪ್ರಕಾರ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಆದ್ದರಿಂದ ಬಣ್ಣದ ಲೆಕ್ಕ ಕಾರು ಕೊಳ್ಳುವಾಗಲೇ ಆಗಬೇಕು. ಚಿಲ್ಲಿ ರೆಡ್ ಮೈ, ಬಿಳಿ ಚಾವಣಿಯ ಕೂಪರ್ ಎಸ್ ಕಾರ್ಖಾನೆಯಿಂದಲೇ ಹಾಗೆ ಬಂದಿದೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಹುಡುಕಿ ಅದನ್ನೇ ಹಿಡಿದರೆ ಅರ್ಧ ಕೆಲಸ ಮುಗಿದಂತೆ. ನೀಲಿಯನ್ನೋ ಹಸಿರನ್ನೋ ಕೊಂಡು ಕೆಂಪು ಮಾಡುವುದಾದರೆ ಪೇಂಟ್ ಆದರೂ ರ‍್ಯಾಪ್ (ಮೈಗೆ ಅಂಟಿಸುವ ಬಣ್ಣದ ಹಾಳೆ) ಆದರೂ ಆರ್‌ಟಿಒ ಒಪ್ಪಿಗೆ ಪಡೆದು, ಆರ್‌ಸಿಯಲ್ಲಿ ಬಣ್ಣ ತಿದ್ದಿಸಿಕೊಂಡೇ ಕೈ ಹಾಕಿ. ವಿಮಾ ಕಂಪನಿಗೂ ಬರಹದಲ್ಲಿ ತಿಳಿಸಿ.

ಹಾಪ್‌ಕಿರ್ಕ್ ಕಾರಿನ ನೋಂದಣಿ ಸಂಖ್ಯೆ 33 ಇಜೆಬಿ. ಅದನ್ನು ನಂಬರ್ ಪ್ಲೇಟ್ ಮಾಡಿ ಮುಂದೆ ತೂಗುಹಾಕಬೇಡಿ. ಎಚ್‌ಎಸ್‌ಆರ್‌ಪಿ ಪ್ಲೇಟ್ ಇದ್ದಲ್ಲೇ ಕಾಣುವಂತಿರಬೇಕು. ಕೊಪ್ಪಳದವರ ಕಾರಿಗೆ ಮಾತ್ರ ಒಂದು ಸೊಗಸು ಪುಕ್ಕಟೆಯಾಗಿ ಸಿಗುತ್ತದೆ: ಅವರ ಪ್ಲೇಟಿನಲ್ಲೇ ಕೆಎ–37 ಇದೆ.

ಟೈರು: ಹತ್ತು ಮಿಲಿಮೀಟರ್ ಎತ್ತರ ಸಾಕು

ಸ್ಪ್ರಿಂಗ್ ಕೆಳಗೆ ಸ್ಪೇಸರ್ ಇಟ್ಟು ಕಾರನ್ನು ಎತ್ತಬೇಡಿ. ಡ್ರೈವ್‌ಶಾಫ್ಟ್‌ನ ಕೋನ ಕೆಡುತ್ತದೆ, ಅಲೈನ್‌ಮೆಂಟ್ ತಪ್ಪುತ್ತದೆ, ಹೆಡ್‌ಲೈಟ್ ಆಕಾಶ ನೋಡುತ್ತದೆ. 16 ಇಂಚಿನ ಚಕ್ರದ 195/55 ಟೈರಿನ ವ್ಯಾಸ ಸುಮಾರು 621 ಮಿ.ಮೀ.; 195/60 ಹಾಕಿದರೆ 640. ಅಂದರೆ ಕಾರು ಹತ್ತು ಮಿ.ಮೀ. ಮೇಲೇಳುತ್ತದೆ, ಟೈರಿನ ಗೋಡೆ ದಪ್ಪವಾಗಿ ನೋಟವೂ ಹಳೆಯ ಕಾಲದ್ದಾಗುತ್ತದೆ. ಸ್ಪೀಡೋಮೀಟರ್ ಶೇ 3ರಷ್ಟು ಕಡಿಮೆ ತೋರಿಸುವುದನ್ನು ನೆನಪಿಡಿ. 195/60 ಆರ್16 ಸಣ್ಣ ಎಸ್‌ಯುವಿಗಳಿಗೂ ಬರುವ ಅಳತೆ, ಹಾಗಾಗಿ ಹುಡುಕಾಟ ಕಷ್ಟವಲ್ಲ. ಆದರೆ ಅವುಗಳಲ್ಲಿ ಹೆಚ್ಚಿನವು ಎಚ್ ದರ್ಜೆಯವು, 210 ಕಿ.ಮೀ. ವೇಗದವರೆಗಿನವು. ಬಾಗಿಲ ಕಂಬದ ಸ್ಟಿಕರ್ ಮತ್ತು ಮ್ಯಾನುಯಲ್ ಹೇಳುವ ವೇಗದ, ಭಾರದ ದರ್ಜೆಗಿಂತ ಕೆಳಗಿನದ್ದು ಬೇಡ. ಸರಿಯಾದದ್ದು ಸಿಗದಿದ್ದರೆ ಮೂಲ ಅಳತೆಯಲ್ಲೇ ಇರಿ.

ಗಾಳಿ ಹೋದರೂ ಸ್ವಲ್ಪ ದೂರ ಓಡುವ ರನ್‌ಫ್ಲಾಟ್ ಟೈರ್ ತೆಗೆದು ಸಾದಾ ಟೈರ್ ಹಾಕಿದರೆ ಪಂಕ್ಚರ್ ಕಿಟ್, ಗಾಳಿ ಪಂಪ್ ಡಿಕ್ಕಿಯಲ್ಲಿ ಇರಲೇಬೇಕು. ಈ ಕಾರಿಗೆ ಸ್ಟೆಪ್ನಿ ಇಲ್ಲ.

ಹೊಟ್ಟೆಗೆ ಕವಚ

ಎಂಜಿನ್ನಿನ ಅಡಿಗೆ ಕಲ್ಲು ಬಡಿಯದಂತೆ ಒಂದು ಕವಚ ಬೇಕು. ಲಾರಿ ಬಾಡಿ ಕಟ್ಟುವ ಶೆಡ್ಡಿಗೆ ಹೋದರೆ ಮೊದಲು ಕೈಗೆ ಬರುವುದು ಕಬ್ಬಿಣದ ಶೀಟು. ಬೇಡ ಎನ್ನಿ. 90 x 70 ಸೆಂ.ಮೀ. ಅಳತೆಯ 3 ಮಿ.ಮೀ. ಕಬ್ಬಿಣದ ಕವಚ ಹದಿನೈದು ಕೆ.ಜಿ. ತೂಗುತ್ತದೆ, ಅಲ್ಯೂಮಿನಿಯಂ ಐದು ಕೆ.ಜಿ. ಮುಂಗಾಲಿನ ಮೇಲೆ ಹತ್ತು ಕೆ.ಜಿ. ವ್ಯತ್ಯಾಸ ಸಣ್ಣದಲ್ಲ. ಅಲ್ಯೂಮಿನಿಯಂನಲ್ಲಿ 5052 ದರ್ಜೆಯ ಶೀಟ್ ಕೇಳಿ ತರಿಸಿ. 6061–ಟಿ6 ದರ್ಜೆ ಇನ್ನೂ ಗಟ್ಟಿ ನಿಜ, ಆದರೆ ಬಗ್ಗಿಸುವ ಜಾಗದಲ್ಲಿ ಕೂದಲೆಳೆಯ ಬಿರುಕು ಬಿಟ್ಟು ಮೊದಲ ಕಲ್ಲಿಗೇ ಸೀಳುತ್ತದೆ. 5052 ಅನ್ನೂ ಮಡಚಿ ಚೂಪು ಮಾಡದೆ, ಒಳಗಡೆ 5 ಮಿ.ಮೀ. ತ್ರಿಜ್ಯ ಬಿಟ್ಟು ಬಗ್ಗಿಸಿ.

ಕಾರಿನ ಮೂಲ ಪ್ಲಾಸ್ಟಿಕ್ ಕವಚ ಕೂರುತ್ತಿದ್ದ ಬೋಲ್ಟ್ ತೂತುಗಳನ್ನೂ ಎಂಜಿನ್ ಅಡಿಯ ಚೌಕಟ್ಟಾದ ಸಬ್‌ಫ್ರೇಮಿನಲ್ಲಿ ಖಾಲಿ ಇರುವ ತೂತುಗಳನ್ನೂ ಮಾತ್ರ ಬಳಸಿ. ಆಯಿಲ್ ಸಂಪ್‌ಗೂ (ಎಂಜಿನ್ನಿನ ಅಡಿಯ ಎಣ್ಣೆ ತಟ್ಟೆ) ಕವಚಕ್ಕೂ ಕನಿಷ್ಠ 10 ಮಿ.ಮೀ. ಸಂದು ಇರಲಿ, ಡ್ರೇನ್ ಬೋಲ್ಟ್ ಕೆಳಗೆ 60 ಮಿ.ಮೀ. ಕಿಂಡಿ ಇರಲಿ. ಹಿಂಭಾಗದಲ್ಲಿ ಬಿಸಿಗಾಳಿ ಹೋಗಲು ನಾಲ್ಕೈದು ಸೀಳು ಕಡ್ಡಾಯ. ಅಲ್ಯೂಮಿನಿಯಂ, ಕಬ್ಬಿಣದ ಬೋಲ್ಟ್ ನೇರ ಮುಟ್ಟಿಕೊಂಡರೆ ಮಳೆಗಾಲದಲ್ಲಿ ಬಿಳಿಪುಡಿ ಹಿಡಿದು ತೂತು ಅಗಲವಾಗುತ್ತದೆ. ನಡುವೆ ರಬ್ಬರ್ ವಾಷರ್ ಹಾಕಿ.

ದೀಪ

1966ರ ಮಾಂಟೆ ಕಾರ್ಲೊದಲ್ಲಿ ಮೊದಲ ಮೂರೂ ಸ್ಥಾನ ಹಿಡಿದಿದ್ದ ಮಿನಿಗಳನ್ನು ಸ್ಪರ್ಧೆಯಿಂದಲೇ ಹೊರಹಾಕಿದ್ದು ಹೆಡ್‌ಲೈಟ್ ಡಿಪ್ ಮಾಡುವ ಬಗೆ ನಿಯಮಕ್ಕೆ ಹೊಂದಲಿಲ್ಲವೆಂದು. ಈಗಲೂ ಈ ಕಾರಿನಲ್ಲಿ ಹೆಚ್ಚು ತಪ್ಪಾಗುವುದು ದೀಪದಲ್ಲೇ.

ಬ್ರಾಕೆಟ್ಟಿಗೆ 30 x 5 ಮಿ.ಮೀ. ಪಟ್ಟಿ ಸಾಕು. ಬಂಪರ್ ಬರೀ ಪ್ಲಾಸ್ಟಿಕ್. ಅದರ ಹಿಂದಿನ ಉಕ್ಕಿನ ತೊಲೆಯ ಇರುವ ಬೋಲ್ಟ್‌ಗಳಿಗೇ ಕಟ್ಟಿ, ಗ್ರಿಲ್ ಸಂದಿನಿಂದ ಹೊರಗೆ ತನ್ನಿ. ಪಟ್ಟಿ 12 ಸೆಂ.ಮೀ.ಗಿಂತ ಮುಂದೆ ಚಾಚಿದರೆ ರಸ್ತೆಯ ಪ್ರತಿ ಕುಳಿಗೂ ಬೆಳಕು ನಡುಗುತ್ತದೆ. ಅಡ್ಡಕ್ಕೆ ದಪ್ಪ ಪೈಪು ಬೆಸೆಯುವ ಆಸೆ ಬಿಡಿ. ಅದು ಕ್ರ್ಯಾಶ್ ಗಾರ್ಡ್ ಆಗುತ್ತದೆ. 2017ರ ಡಿಸೆಂಬರ್‌ನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಅದನ್ನು ನಿಷೇಧಿಸಿದೆ. ಡಿಕ್ಕಿಯಾದಾಗ ಏರ್‌ಬ್ಯಾಗ್ ತೆರೆಯುವ ಹೊತ್ತನ್ನೂ ಅದು ಕೆಡಿಸಬಹುದು. ದೀಪದ ಬೆನ್ನಿಗೂ ಗ್ರಿಲ್‌ಗೂ 5 ಸೆಂ.ಮೀ. ಬಿಡಿ, ಕೆಳಗಿನ ಗಾಳಿಬಾಯಿ ಪೂರ್ತಿ ಬಯಲಾಗಿರಲಿ. ಬೇಸಿಗೆಯ 42 ಡಿಗ್ರಿಯಲ್ಲಿ ಟರ್ಬೊ ಎಂಜಿನ್ನಿಗೆ ಗಾಳಿ ತಡೆದರೆ ಬಲ ಇಳಿಯುವುದು ಕಾಲಿಗೇ ಗೊತ್ತಾಗುತ್ತದೆ.

ಆರೂವರೆ ಇಂಚಿನ, 55 ವ್ಯಾಟ್ ಹ್ಯಾಲೊಜನ್ ದೀಪ ನಾಲ್ಕು. ಒಂದೊಂದು ಜೋಡಿಗೆ ಸುಮಾರು 9 ಆಂಪಿಯರ್ ಬೇಕು. ಹಾಗಾಗಿ ಜೋಡಿಗೊಂದು 30 ಆಂಪಿಯರ್ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಬಿಡುವ ಸ್ವಿಚ್), ಒಂದು 15 ಆಂಪಿಯರ್ ಫ್ಯೂಸ್. ಬ್ಯಾಟರಿ ಪ್ಲಸ್‌ನಿಂದ ಹೊರಟ ತಂತಿಗೆ ಒಂದು ಗೇಣಿನೊಳಗೆ ಫ್ಯೂಸ್, ಅಲ್ಲಿಂದ ರಿಲೇಯ 30ನೇ ಪಿನ್, 87ರಿಂದ ದೀಪಕ್ಕೆ, 86ಕ್ಕೆ ಸ್ವಿಚ್, 85 ಬಾಡಿ ಅರ್ತ್‌ಗೆ. ತಂತಿ 2.5 ಚದರ ಮಿ.ಮೀ. ತಾಮ್ರದ್ದು. 1 ಚದರ ಮಿ.ಮೀ. ತಂತಿ ಎಳೆದರೆ ಮೂರು ಮೀಟರಿಗೆ ಅರ್ಧ ವೋಲ್ಟ್ ಸೋರಿ, ಬೆಳಕಿನಲ್ಲಿ ಹತ್ತರ ಒಂದು ಪಾಲಿಗಿಂತ ಹೆಚ್ಚು ಕಳೆದುಹೋಗುತ್ತದೆ.

ಹೈಬೀಮ್ ತಂತಿ ಸುಲಿದು ಸಿಗ್ನಲ್ ತೆಗೆಯುವುದು ಹಳೆಯ ಕಾರುಗಳ ರೂಢಿ. ಇಲ್ಲಿ ಅದು ನಡೆಯದು. ಕಾರಿನ ಕಂಪ್ಯೂಟರ್ ಆ ತಂತಿಯ ಮೇಲೆ ಕಣ್ಣಿಟ್ಟಿರುತ್ತದೆ. ಕರೆಂಟ್ ತುಂಡುತುಂಡಾಗಿ ಬರುವುದರಿಂದ ರಿಲೇ ಟಕಟಕ ಬಡಿದುಕೊಳ್ಳುತ್ತದೆ. ಕೀ ಆನ್ ಮಾಡಿದಾಗ ಮಾತ್ರ ಜೀವ ಬರುವ ಫ್ಯೂಸಿಗೆ ತಂತಿ ಸುಲಿಯದೆ ಕರೆಂಟ್ ತೆಗೆಯುವ ಒಂದು ಫ್ಯೂಸ್ ಟ್ಯಾಪ್ ಸಿಕ್ಕಿಸಿ, 3 ಆಂಪಿಯರ್ ಫ್ಯೂಸಿನ ಮೂಲಕ ಬೇರೆಯೇ ಸ್ವಿಚ್ ಕೊಡಿ. ಅರ್ತ್ ಅನ್ನು ಬ್ಯಾಟರಿಯ ಮೈನಸ್ ತುದಿಗೆ ಕಟ್ಟಬೇಡಿ. ಅಲ್ಲಿ ಕರೆಂಟ್ ಅಳೆಯುವ ಸೆನ್ಸರ್ ಇದೆ. ಅದನ್ನು ದಾಟಿ ಕಟ್ಟಿದರೆ ಚಾರ್ಜಿಂಗ್ ಲೆಕ್ಕವೇ ತಪ್ಪುತ್ತದೆ.

ಈ ದೀಪಗಳು ಬೇರೆ ವಾಹನ ಓಡಾಡದಂತೆ ಮುಚ್ಚಿದ ಹಾದಿಗೆ, ಖಾಸಗಿ ಜಾಗಕ್ಕೆ ಮಾತ್ರ. ಸಾರ್ವಜನಿಕ ರಸ್ತೆಯಲ್ಲಿ ಮುಸುಕು ಹಾಕಿಯೇ ಇರಬೇಕು. ಆ ಮುಸುಕನ್ನು ಬಳ್ಳಾರಿಯ ಜೀನ್ಸ್ ಹೊಲಿಗೆಯವರಿಗಿಂತ ಚೆನ್ನಾಗಿ ಯಾರು ಮಾಡಿಯಾರು! ದೀಪದ ವ್ಯಾಸ 165 ಮಿ.ಮೀ., ಆಳ 50 ಇದ್ದರೆ 295 ಮಿ.ಮೀ. ವ್ಯಾಸದ ವೃತ್ತ ಕತ್ತರಿಸಿ. ಅಂಚು 15 ಮಿ.ಮೀ. ಮಡಚಿ ಹೊಲಿದು, ಒಳಗೆ 8 ಮಿ.ಮೀ. ಅಗಲದ, 39 ಸೆಂ.ಮೀ. ಉದ್ದದ ಎಲಾಸ್ಟಿಕ್ ತೂರಿಸಿ ಎರಡು ತುದಿ ಕೂಡಿಸಿ. ಸಡಿಲವಿದ್ದರೆ ಹೆದ್ದಾರಿಯಲ್ಲಿ ಗಾಳಿ ತುಂಬಿ ಹಾರಿಹೋಗುತ್ತದೆ. ಬಟ್ಟೆಯನ್ನು ಕತ್ತರಿಸುವ ಮೊದಲೇ ವಾಷಿಂಗ್ ಯೂನಿಟ್‌ನಲ್ಲಿ ತೊಳೆಸಿ. ಹಸಿ ಡೆನಿಮ್ ಕುಗ್ಗುತ್ತದೆ; ಮೇಲಾಗಿ ಮೊದಲ ಮಳೆಗೇ ನೀಲಿ ಬಿಟ್ಟು ಬಿಳಿ ಸ್ಟಿಕರ್ ಮೇಲೆ ಇಳಿದರೆ ಆ ಕಲೆ ಹೋಗದು.

ನಂಬರು, ಸ್ಟಿಕರು

ಹಳೆಯ ಫೋಟೊ ದೊಡ್ಡದು ಮಾಡಿಕೊಂಡು, ಬಾಗಿಲಿನ ಅಗಲಕ್ಕೆ ನಂಬರಿನ ಪ್ರಮಾಣ ಎಷ್ಟೆಂದು ಅಳೆದು, ಅದೇ ಪ್ರಮಾಣಕ್ಕೆ ಕತ್ತರಿಸಿ. ಕಾಸ್ಟ್ ವಿನೈಲ್ ಎಂದೇ ಕೇಳಿ. ಅಗ್ಗದ ಕ್ಯಾಲೆಂಡರ್ಡ್ ವಿನೈಲ್ ನಮ್ಮ ಬಿಸಿಲಿಗೆ ಕುಗ್ಗಿ, ಸುತ್ತ ಅಂಟಿನ ಗೆರೆ ಬಿಡುತ್ತದೆ. ಆ ಅಂಟಿಗೆ ಅದಿರಿನ ಧೂಳು ಮೆತ್ತಿ ಕೆಂಪು ಚೌಕಟ್ಟು ಬಿದ್ದಂತೆ ಕಾಣುತ್ತದೆ. ಮೇ ತಿಂಗಳಾದರೆ ನೆರಳಿನಲ್ಲಿ, ಬೆಳಗಿನ ಏಳಕ್ಕೆ ಮೊದಲೇ ಅಂಟಿಸಿ ಮುಗಿಸಿ. ಕಾದ ತಗಡಿಗೆ ಅಂಟು ಮುಟ್ಟಿದ ಕೂಡಲೇ ಹಿಡಿದುಬಿಡುತ್ತದೆ, ಮತ್ತೆ ಎತ್ತಿ ಕೂರಿಸಲಾಗದು.

ಹಳೆಯ ರ‍್ಯಾಲಿ ಕಾರುಗಳಂತೆ ಬಾನೆಟ್ ಮೇಲೆ ಚರ್ಮದ ಪಟ್ಟಿ ಕಟ್ಟುವುದು ಬೇಡವೇ ಬೇಡ. ಸಂಡೂರು ಕಡೆಯ ಹೆಮಟೈಟ್ (ಕಬ್ಬಿಣದ ಅದಿರು) ಧೂಳು ಪಟ್ಟಿಯ ಕೆಳಗೆ ಸೇರಿ ಉಪ್ಪುಕಾಗದದಂತೆ ಬಣ್ಣ ಉಜ್ಜುತ್ತದೆ. ಮಡ್‌ಫ್ಲ್ಯಾಪ್ ಮಾತ್ರ ಬಿಡಬೇಡಿ: 4 ಮಿ.ಮೀ. ದಪ್ಪದ್ದು, ನೆಲದಿಂದ 7 ಸೆಂ.ಮೀ. ಮೇಲೆ, ಚಕ್ರದ ಕಮಾನಿನ ಹಳೆಯ ಸ್ಕ್ರೂಗಳಿಗೇ ಕಟ್ಟಿದ್ದು.

ಒಳಗೆ ರೋಲ್‌ಕೇಜ್ (ಕಾರು ಪಲ್ಟಿಯಾದರೆ ಕಾಯುವ ಕಬ್ಬಿಣದ ಪೈಪಿನ ಪಂಜರ) ಹಾಕಿಸಬೇಡಿ. ಹೆಲ್ಮೆಟ್ ಇಲ್ಲದ ತಲೆಗೆ ಆ ಕಬ್ಬಿಣವೇ ಮೊದಲ ಪೆಟ್ಟು ಕೊಡುತ್ತದೆ, ಪಕ್ಕದ ಏರ್‌ಬ್ಯಾಗ್ ಬಿಚ್ಚಿಕೊಳ್ಳಲೂ ಜಾಗ ಇರುವುದಿಲ್ಲ. ಒಂದು ಕೆ.ಜಿ.ಯ ಎಬಿಸಿ ಅಗ್ನಿಶಾಮಕ ಇಡಿ.

ಮೊದಲ ಓಟ

ತೋರಣಗಲ್ಲಿನ ಮೇಲೆ ಸಂಡೂರಿಗೆ ಹೋಗಿ ಬನ್ನಿ. ವಾಪಸ್ ಬಂದ ಮೇಲೆ ಕವಚದ, ಬ್ರಾಕೆಟ್ಟಿನ ಎಲ್ಲ ಬೋಲ್ಟ್‌ಗಳನ್ನೂ ಮತ್ತೆ ಬಿಗಿದು, ಬೋಲ್ಟ್ ತಲೆಯಿಂದ ಲೋಹದವರೆಗೆ ಬಿಳಿ ಪೇಂಟಿನ ಗೆರೆ ಎಳೆಯಿರಿ. ಗೆರೆ ಮುರಿದಿದ್ದರೆ ಬೋಲ್ಟ್ ತಿರುಗಿದೆ ಎಂದರ್ಥ. ವೀಲ್ ಬೋಲ್ಟ್‌ಗೆ 140 ನ್ಯೂಟನ್ ಮೀಟರ್ ಬಿಗಿ. ಏರ್ ಫಿಲ್ಟರ್ ಅನ್ನು 5,000 ಕಿ.ಮೀ.ಗೊಮ್ಮೆ ತೆಗೆದು ನೋಡಿ. ಮಳೆಗಾಲದಲ್ಲಿ ಸಿರುಗುಪ್ಪದ ಕಡೆ ಎರೆಯಲ್ಲಿ ಓಡಿಸಿದರೆ ಅದೇ ದಿನ ಕವಚ ಬಿಚ್ಚಿ ತೊಳೆಯಿರಿ. ಒಂದು ರಾತ್ರಿ ಬಿಟ್ಟರೆ ಆ ಮಣ್ಣು ಇಟ್ಟಿಗೆಯಂತಾಗಿ ಬಿಸಿಗಾಳಿಯ ಸೀಳುಗಳನ್ನೆಲ್ಲ ಮುಚ್ಚಿಬಿಡುತ್ತದೆ.