ಚೈನ್ ಮೇಲ್ ತೊಟ್ಟವನೂ ಸದ್ದಿಲ್ಲದೆ ದಾಟಬಹುದಾ?

ನಾನು ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ (ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಡೈಸ್ ಹಾಕಿ ಕಥೆ ಮುಂದುವರಿಸುವ ಆಟ) ನಡೆಸುವುದು 2014ರ ಐದನೇ ಆವೃತ್ತಿಯ ನಿಯಮ ಪುಸ್ತಕ ಇಟ್ಟುಕೊಂಡು. ಅದರಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಗೊಂದಲ ತಂದಿದ್ದು ಸ್ಟೆಲ್ತ್, ಅಂದರೆ ಕಣ್ಣು ತಪ್ಪಿಸಿ ಸಾಗುವ ಪರೀಕ್ಷೆ.

ಒಂದು ಆಟದಲ್ಲಿ ನಾಲ್ವರು ಕೋಟೆಯೊಳಗೆ ನುಸುಳಬೇಕಿತ್ತು. ಕಾವಲುಗಾರನ ಪ್ಯಾಸಿವ್ ಪರ್ಸೆಪ್ಷನ್, ಅಂದರೆ ಡೈಸ್ ಹಾಕದೆಯೇ ಅವನ ಗಮನಕ್ಕೆ ಸಿಗುವ ಅಂಕ, 12. ಮೂವರಿಗೆ ಅದಕ್ಕಿಂತ ಹೆಚ್ಚು ಬಿತ್ತು. ಫೈಟರ್ (ಯೋಧನ ಪಾತ್ರ) ಮಾತ್ರ ಚೈನ್ ಮೇಲ್, ಅಂದರೆ ಲೋಹದ ಉಂಗುರ ಹೆಣೆದ ಕವಚ, ತೊಟ್ಟಿದ್ದ. ಅದಕ್ಕೆ ಡಿಸ್‌ಅಡ್ವಾಂಟೇಜ್: ಎರಡು ಸಲ ಡೈಸ್ ಹಾಕಬೇಕು, ಕಡಿಮೆ ಬಿದ್ದಿದ್ದೇ ಲೆಕ್ಕ. ಅವನಿಗೆ ಬಂದಿದ್ದು 6. "ಸಿಕ್ಕಿಬಿದ್ರಿ" ಅಂದೆ.

ಗೆಳೆಯ ಪುಸ್ತಕ ತೆರೆದ. "ಗ್ರೂಪ್ ಚೆಕ್ ಅಂತ ಇದೆಯಲ್ವಾ ಮಾರಾಯ? ಅರ್ಧ ಜನ ಗೆದ್ದರೆ ಎಲ್ಲರೂ ಗೆದ್ದಂತೆ."

ಅವನು ಹೇಳಿದ್ದು ನಿಜ. ಆದರೆ ಹೊಂಚುಹಾಕಿ ಮೇಲೆ ಬೀಳುವ ಭಾಗದಲ್ಲಿ ಬೇರೆ ಮಾತಿದೆ. ಅಡಗಿರುವ ಒಬ್ಬೊಬ್ಬರ ಸ್ಟೆಲ್ತನ್ನೂ ಎದುರಿನವರ ಪ್ಯಾಸಿವ್ ಪರ್ಸೆಪ್ಷನ್ ಜೊತೆ ಹೋಲಿಸಬೇಕು ಅನ್ನುತ್ತದೆ. ಯಾವುದನ್ನು ಹಿಡಿಯುವುದು? ಆಟ ನಿಲ್ಲಬಾರದು ಅಂತ ಆ ರಾತ್ರಿ ನನ್ನ ಮಾತನ್ನೇ ಉಳಿಸಿಕೊಂಡೆ. ಮನಸ್ಸು ಮಾತ್ರ ಒಪ್ಪಲಿಲ್ಲ.

ಮಾರನೇ ದಿನ ಲೆಕ್ಕ ಹಾಕಿದೆ. ಪ್ರತಿಯೊಬ್ಬರಿಗೂ ಗೆಲ್ಲುವ ಅವಕಾಶ 60% ಅಂದುಕೊಳ್ಳಿ. ನಾಲ್ವರೂ ಗೆಲ್ಲಲೇಬೇಕು ಅಂದರೆ ಸಿಗುವುದು ಸುಮಾರು 13%. ಇಬ್ಬರು ಗೆದ್ದರೆ ಸಾಕು ಅಂದರೆ 82%. ಇಷ್ಟು ಅಂತರವಿದ್ದರೆ ಎರಡೂ ಒಂದೇ ಪ್ರಶ್ನೆಗೆ ಉತ್ತರ ಆಗಿರಲು ಸಾಧ್ಯವಿಲ್ಲ ಅನ್ನಿಸಿತು. ಪುಸ್ತಕ ಮತ್ತೆ ಓದಿದೆ. ಗೆದ್ದರೆ ಎಲ್ಲರೂ, ಸೋತರೆ ಎಲ್ಲರೂ ಅನ್ನುವ ಸಂದರ್ಭಕ್ಕೇ ಗ್ರೂಪ್ ಚೆಕ್ ಹೆಚ್ಚು ಉಪಯೋಗ ಎಂದು ಅಲ್ಲೇ ಇದೆ. ಕೊಟ್ಟಿರುವ ಉದಾಹರಣೆ ಜೌಗು ನೆಲ ದಾಟುವುದು. ಗೊತ್ತಿದ್ದವರು ಗೊತ್ತಿಲ್ಲದವರನ್ನು ಸಂಭಾಳಿಸುತ್ತಾರೆ.

ಈಗ ನಾನು ಮೊದಲು ಕೇಳುವುದು, ಈ ಡೈಸ್ ಏನನ್ನು ತೀರ್ಮಾನಿಸಬೇಕು ಅಂತ. ತಂಡ ಒಟ್ಟಿಗೆ ಒಂದು ಜಾಗ ದಾಟಬೇಕಾ? ಗ್ರೂಪ್ ಚೆಕ್. ಹೊಂಚುಹಾಕಿ ಕೂತವರಲ್ಲಿ ಯಾರು ಕಣ್ಣಿಗೆ ಬಿದ್ದರು ಅನ್ನುವುದಾ? ಒಬ್ಬೊಬ್ಬರದೇ ಲೆಕ್ಕ. ಇದನ್ನು ಡೈಸ್ ಕೈಗೆತ್ತಿಕೊಳ್ಳುವ ಮೊದಲೇ ಹೇಳಿಬಿಡುತ್ತೇನೆ. ಬಿದ್ದ ಮೇಲೆ ಹೇಳಿದರೆ ಆಡುವವರಿಗೆ ಅನ್ಯಾಯ. ಆ ರಾತ್ರಿ ನಾನು ಮಾಡಿದ್ದು ಅದೇ.

(2024ರ ಪುಸ್ತಕದಲ್ಲಿ ಅಡಗಿಕೊಳ್ಳಲು 15 ಬರಬೇಕು ಅಂತ ನಿಗದಿ ಮಾಡಿದ್ದಾರೆ. ನಮ್ಮ ತಂಡ ಇನ್ನೂ ಹಳೆಯದರಲ್ಲೇ ಇದೆ.)

ಮುಂದಿನ ವಾರ ಗೆಳೆಯನಿಗೆ ನನ್ನ ತೀರ್ಪು ತಪ್ಪಾಗಿತ್ತು ಅಂತ ಹೇಳಿದೆ. ಅದೇ ಕೋಟೆ, ಈ ಸಲ ಹಿಂದಿನ ಬಾಗಿಲು. ಫೈಟರ್‌ಗೆ ಮತ್ತೆ ಕಡಿಮೆಯೇ ಬಿತ್ತು. ರೋಗ್ (ಕಳ್ಳನಂತೆ ನುಸುಳುವ ಪಾತ್ರ) ಆಡುತ್ತಿದ್ದವಳು ತಾನಾಗೇ ಹೇಳಿದಳು: "ಅವನ ಸರಪಳಿ ಸದ್ದಾಗದ ಹಾಗೆ ನನ್ನ ಶಾಲು ಸುತ್ತಿದ್ದೀನಿ." ನಾಲ್ವರೂ ಒಳಗೆ ಹೋದರು.