ಅಮಿಯೋಡರೋನ್ ಮಾತ್ರೆಯನ್ನು ಸುಟ್ಟು ಅಳೆದೆ: ನನ್ನ ಅನುಭವ

ಹೃದಯದ ಬಡಿತ ಏರುಪೇರಾದಾಗ ಕೊಡುವ ಅಮಿಯೋಡರೋನ್ ಮಾತ್ರೆಯಲ್ಲಿ ಔಷಧ ಎಷ್ಟಿದೆ ಅಂತ ಬರೀ ಬ್ಯುರೆಟ್ (ದ್ರಾವಣವನ್ನು ಹನಿಹನಿಯಾಗಿ ಬಿಟ್ಟು ಅಳೆಯುವ ಗಾಜಿನ ಕೊಳವೆ) ಇಟ್ಟುಕೊಂಡು ಅಳೆಯುತ್ತೇನೆ ಅಂದಾಗ, ವಿಜಯಪುರದ ನಮ್ಮ ಫಾರ್ಮಸಿ ಲ್ಯಾಬ್‌ನಲ್ಲಿ ಒಬ್ಬರೂ ನಂಬಲಿಲ್ಲ. "ಎಚ್‌ಪಿಎಲ್‌ಸಿ ಇಲ್ದ ಆಗೂದಿಲ್ಲ ಬಿಡ್ರಿ ಸರ್" ಅಂದರು. ಎಚ್‌ಪಿಎಲ್‌ಸಿ ಅಂದರೆ ಔಷಧವನ್ನು ಬೇರ್ಪಡಿಸಿ ಅಳೆಯುವ ದುಬಾರಿ ಯಂತ್ರ. ಹೊರಗೆ ಕಳಿಸಿದರೆ ಒಂದು ಸ್ಯಾಂಪಲ್‌ಗೆ 2,000 ರೂಪಾಯಿ ಹತ್ತಿರ. ವಿದ್ಯಾರ್ಥಿಗಳು ಎಲ್ಲಿಂದ ತರಬೇಕು?

ಈ ಔಷಧದ ತೂಕದಲ್ಲಿ ಶೇ 37ರಷ್ಟು ಅಯೋಡಿನ್ನೇ ಇದೆ. 200 ಮಿ.ಗ್ರಾಂ ಮಾತ್ರೆಯಲ್ಲಿ ಸುಮಾರು 75 ಮಿ.ಗ್ರಾಂ. ಹಾಗಾಗಿ ಆಕ್ಸಿಜನ್ ತುಂಬಿ ಮುಚ್ಚಿದ ಫ್ಲಾಸ್ಕ್‌ನಲ್ಲಿ ಸುಟ್ಟು ಅಯೋಡಿನ್ ಹಿಡಿದರೆ ಸಾಕು ಅನ್ನೋದು ನನ್ನ ಲೆಕ್ಕ.

ಆ ಅಯೋಡಿನ್ ಅಳೆಯಲು ಮೊದಲು ಸಿಲ್ವರ್ ನೈಟ್ರೇಟ್ ಹಿಡಿದೆ, ಕೈಕೊಟ್ಟಿತು. ಈ ಔಷಧ ಹೈಡ್ರೋಕ್ಲೋರೈಡ್ ಲವಣ ಅಲ್ವಾ, ಎರಡು ಅಯೋಡಿನ್ ಜೊತೆ ಒಂದು ಕ್ಲೋರೈಡೂ ಬೆಳ್ಳಿಯನ್ನು ತಿನ್ನುತ್ತದೆ. ಮೇಲೆ ನಮ್ಮ ಬೋರ್‌ವೆಲ್ ನೀರಿನ ಉಪ್ಪು, ಬ್ಲ್ಯಾಂಕೇ (ಔಷಧವಿಲ್ಲದೆ ಮಾಡುವ ಅಳತೆ) ಏರುತ್ತಿತ್ತು. ಸಿಲ್ವರ್ ನೈಟ್ರೇಟ್‌ಗೆ ಹಾಕಿದ ದುಡ್ಡೆಲ್ಲ ನೀರುಪಾಲು. ಮಾತ್ರೆಯ ಪುಡಿಯನ್ನು ಹಾಗೇ ಸುಟ್ಟರೆ ಫ್ಲಾಸ್ಕ್ ತಳದಲ್ಲಿ ಕಪ್ಪು ಮಸಿ ಉಳಿದು, ಫಲಿತಾಂಶ ಇರಬೇಕಾದ ಔಷಧದ ಶೇ 80 ದಾಟುತ್ತಿರಲಿಲ್ಲ. ಕ್ಲೋರೋಫಾರ್ಮ್‌ನಲ್ಲಿ ಔಷಧವನ್ನಷ್ಟೇ ಎಳೆದು ಫಿಲ್ಟರ್ ಪೇಪರ್ ಮೇಲೆ ಒಣಗಿಸಿ ಸುಟ್ಟ ಮೇಲೆ ಮಸಿ ಬರುವುದು ನಿಂತಿತು. ಪೇಪರ್ ಮಡಚುವ ರೀತಿಯಲ್ಲೇ ಅರ್ಧ ಗುಟ್ಟಿದೆ, ಅದನ್ನು ಸದ್ಯ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ಗೆಲ್ಲಿಸಿದ್ದು ಬ್ರೋಮಿನ್. ಅದು ಅಯೋಡೈಡನ್ನು ಅಯೋಡೇಟ್ ಮಾಡುತ್ತದೆ, ಕ್ಲೋರೈಡ್ ತಂಟೆಗೆ ಹೋಗುವುದಿಲ್ಲ. ಆಮೇಲೆ ಆಮ್ಲ, ಪೊಟ್ಯಾಸಿಯಂ ಅಯೋಡೈಡ್ ಹಾಕಿದರೆ ಒಂದಕ್ಕೆ ಆರರಷ್ಟು ಅಯೋಡಿನ್! ಅದನ್ನು ಬ್ಯುರೆಟ್‌ನಿಂದ ಥಯೋಸಲ್ಫೇಟ್ ದ್ರಾವಣ ಬಿಟ್ಟು ಅಳೆಯುತ್ತೇನೆ. 10 ಮಿ.ಗ್ರಾಂ ಔಷಧಕ್ಕೆ 0.02 ನಾರ್ಮಲ್ (ಸಾಂದ್ರತೆಯ ಅಳತೆ) ಥಯೋಸಲ್ಫೇಟ್ 8.8 ಮಿ.ಲೀ. ಹತ್ತಿರ ಹೋಗುತ್ತದೆ, ಬ್ರೋಮಿನ್ ಹಂತ ಇಲ್ಲದಿದ್ದರೆ ಒಂದೂವರೆ ಮಿ.ಲೀ. ಅಷ್ಟೇ. ಅಯೋಡೈಡ್ ಹಾಕುವ ಮುಂಚೆ ಮಾತ್ರ ಫಾರ್ಮಿಕ್ ಆಮ್ಲದಿಂದ ಮಿಕ್ಕ ಬ್ರೋಮಿನ್ನನ್ನು ಪೂರ್ತಿ ಕೊಲ್ಲಬೇಕು. ಒಂದು ಹನಿ ಮೀಥೈಲ್ ರೆಡ್ ಹಾಕಿ ನೋಡಿ, ಬಣ್ಣ ಹಾರಿಹೋದರೆ ಇನ್ನೂ ಬ್ರೋಮಿನ್ ಇದೆ ಅಂತ.

ಈಗ ಫಲಿತಾಂಶ ಶೇ 98ರಿಂದ 101 ಬರುತ್ತಿದೆ, ಖರ್ಚು 60-70 ರೂಪಾಯಿ. ಅದೇ ಬ್ಯಾಚನ್ನು ಹೊರಗೆ ಕಳಿಸಿ ನೋಡಿದೆ, ಎಚ್‌ಪಿಎಲ್‌ಸಿಗೂ ನನಗೂ ಶೇ 2ರಷ್ಟೂ ವ್ಯತ್ಯಾಸವಿಲ್ಲ. ಬೇಡ ಅಂದವರೇ ಈಗ ಫ್ಲಾಸ್ಕ್ ಕೇಳುತ್ತಿದ್ದಾರೆ.

ಅಯೋಡಿನ್ ಇದ್ದರೆ ನೀಲಿಯಾಗಿ ತೋರಿಸುವ ಸ್ಟಾರ್ಚ್ ಮುಗಿದಾಗ ಬಿಳಿಜೋಳದ ಹಿಟ್ಟಿನ ಗಂಜಿ ಸೋಸಿ ಹಾಕಿದೆ, ನೀಲಿ ಚೆನ್ನಾಗಿಯೇ ಬಂತು.

ಸುಮ್ನೆ ಕುತೂಹಲಕ್ಕೆ ಔಷಧದ ಮೆಥನಾಲ್ ದ್ರಾವಣವನ್ನು ನಮ್ಮೂರ ಬಿಸಿಲಿಗಿಟ್ಟೆ. ಹಳದಿಯಾಯಿತು, ಟಿಎಲ್‌ಸಿಯಲ್ಲಿ (ಪ್ಲೇಟ್ ಮೇಲೆ ಪದಾರ್ಥಗಳನ್ನು ಚುಕ್ಕೆಗಳಾಗಿ ಬೇರ್ಪಡಿಸುವ ಪರೀಕ್ಷೆ) ಹೊಸ ಚುಕ್ಕೆಯೂ ಬಂತು, ಆದರೆ ನನ್ನ ಟೈಟ್ರೇಷನ್ (ಬ್ಯುರೆಟ್ ಅಳತೆ) ಅಲುಗಲೇ ಇಲ್ಲ. ಬೆಳಕಿಗೆ ಕಿತ್ತುಬಂದ ಅಯೋಡಿನ್ ದ್ರಾವಣದಲ್ಲೇ ಇರುತ್ತದೆ, ಸುಟ್ಟಾಗ ಅದೂ ಲೆಕ್ಕಕ್ಕೆ ಬರುತ್ತದೆ. ಅಂದರೆ ಔಷಧ ಕೆಟ್ಟಿದ್ದರೂ ಈ ವಿಧಾನಕ್ಕೆ ಗೊತ್ತಾಗುವುದಿಲ್ಲ, ಹಾಗಾಗಿ ಹಳೆಯ ಸ್ಟಾಕ್ ಪರೀಕ್ಷಿಸುವವರು ಜೊತೆಗೊಂದು ಟಿಎಲ್‌ಸಿ ಪ್ಲೇಟ್ ಓಡಿಸಿ.